ಎದೆನೋವು ಅಂತ ಬಂದವರನ್ನು ‘ಹಾರ್ಟ್‌ಗೆ ಏನೂ ಆಗಿಲ್ಲ’ ಎಂದು ಕಳಿಸುವ ಮುಂಚೆ ಏನು ಹೇಳಬೇಕು?

ರಾತ್ರಿಪಾಳಿ ಸಿಸ್ಟರ್:

ಎಲ್ಲರಿಗೂ ನಮಸ್ಕಾರ. ನಾನು ಒಂದು ತಾಲ್ಲೂಕು ಆಸ್ಪತ್ರೆಯ ಕ್ಯಾಷುವಾಲ್ಟಿಯಲ್ಲಿ ಸ್ಟಾಫ್ ನರ್ಸ್. ಬಹಳ ದಿನದಿಂದ ಮನಸ್ಸನ್ನು ಕೊರೆಯುತ್ತಿರುವ ವಿಷಯ ಇದು.

ಹೋದ ವಾರ ರಾತ್ರಿ ಹನ್ನೊಂದೂವರೆಗೆ ಒಬ್ಬರು ಬಂದರು. 44 ವರ್ಷ, ಸಣ್ಣ ಹೋಟೆಲ್ ನಡೆಸುವವರು. ಎದೆಯಲ್ಲಿ ಉರಿ, ಎಡಗೈ ಭಾರ, ಮೈಯೆಲ್ಲ ಬೆವರು. ಹೆಂಡತಿ ಅಳುತ್ತಿದ್ದರು. ಇಸಿಜಿ ಸರಿಯಿತ್ತು. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಿದೆಯಾ ಎಂದು ರಕ್ತದಲ್ಲಿ ನೋಡುವ ಟ್ರೋಪೋನಿನ್ ಪರೀಕ್ಷೆ ಎರಡು ಸಲ ಮಾಡಿದೆವು, ಎರಡೂ ನೆಗೆಟಿವ್. ಆದರೆ ಬಿಪಿ 152/96. ಎಂಟು ಗಂಟೆಗೆ ಊಟ ಮಾಡಿದ್ದವರ ಶುಗರ್ ಆ ಹೊತ್ತಿನಲ್ಲೂ 188. ಹೊಟ್ಟೆ ದೊಡ್ಡದಿತ್ತು, ಟೇಪ್ ಹಿಡಿದೆ, 104 ಸೆಂ.ಮೀ. ಬೆಳಗಿನ ಜಾವ ಮೂರಕ್ಕೆ ಗ್ಯಾಸ್ಟ್ರಿಕ್ ಮಾತ್ರೆ ಬರೆದು ಕಳಿಸಿದೆವು. ‘ಹಾರ್ಟ್‌ಗೆ ಏನೂ ಆಗಿಲ್ಲ’ ಎಂದಾಗ ಹೆಂಡತಿ ಕೈಮುಗಿದರು. ಅವರು ಗೇಟು ದಾಟಿದ ಮೇಲೆ ನನಗೆ ಸಮಾಧಾನವೇ ಇಲ್ಲ. ಬಿಪಿ, ಶುಗರ್, ಹೊಟ್ಟೆಯ ಅಳತೆ ಮೂರೂ ನಮ್ಮ ಕೈಯಲ್ಲಿತ್ತು. ಒಂದನ್ನೂ ಅವರಿಗೆ ಬಿಡಿಸಿ ಹೇಳಲಿಲ್ಲ.

ಮೊದಲ ಟ್ರೋಪೋನಿನ್‌ಗೂ ಎರಡನೆಯದಕ್ಕೂ ನಡುವೆ ಸುಮಾರು ಮೂರು ಗಂಟೆ ಅವರು ಬೆಡ್ ಮೇಲೆ ಸುಮ್ನೆ ಮಲಗಿದ್ದರು. ಫ್ಯಾನ್ ನೋಡುತ್ತಿದ್ದರು. ಆ ಹೊತ್ತಿನಲ್ಲಿ ಏನು ಹೇಳಿದ್ದರೂ ಕೇಳುತ್ತಿದ್ದರು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಏನು ಹೇಳಬೇಕಿತ್ತು, ಹೇಗೆ ಹೇಳಬೇಕಿತ್ತು? ಗೊತ್ತಿದ್ದವರು ತಿಳಿಸಿ.

ಹಾಸನದ ಹುಡುಗ:

ಅಕ್ಕ, ಕೇಳಬೇಕಾದ ಪ್ರಶ್ನೆ ಇದು. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ದಿನಾ ಬರುತ್ತಿತ್ತು. ಚಿಕ್ಕ ವಯಸ್ಸಿನವರೂ ಇದ್ದರು. ನಮ್ಮ ಬೀದಿಯಲ್ಲಿ ಅರ್ಧ ಜನ ಮೈಸೂರಿನ ಜಯದೇವಕ್ಕೆ ಹೋಗಿ ಬೆಳಗ್ಗೆಯೇ ಕ್ಯೂ ನಿಂತರು. 2021ರ ಅಕ್ಟೋಬರ್ 29ಕ್ಕೆ ಅಪ್ಪು ಸರ್ ಹೋದಾಗಲೂ ಹೀಗೇ ಆಗಿತ್ತು. 46 ವರ್ಷ ಅವರಿಗೆ. ನಾನೂ ಆಗ ಇಸಿಜಿ ಮಾಡಿಸಿದೆ. ‘ನಾರ್ಮಲ್’ ಎಂದರು. ಆ ಕಾಗದ ಜೇಬಲ್ಲಿ ಇಟ್ಟುಕೊಂಡು ಬರುವಾಗ ದಾರಿಯಲ್ಲೇ ಗೋಬಿ ತಿಂದು ಬಂದೆ. ಬಿಪಿ 138/90 ಇದೆ ಅಂತ ಆ ಚೀಟಿಯಲ್ಲೇ ಬರೆದಿತ್ತು. ಅದರ ಅರ್ಥ ನನಗೆ ಗೊತ್ತಾಗಿದ್ದು ಮೂರು ವರ್ಷ ಆದಮೇಲೆ, ಬೇರೆ ಕಾರಣಕ್ಕೆ ತೋರಿಸಿದಾಗ.

ಭಯ ಎರಡು ವಾರ ಇರುತ್ತದೆ. ಆಮೇಲೆ ಎಲ್ಲ ಮೊದಲಿನ ಹಾಗೇ. ಆ ಎರಡು ವಾರದಲ್ಲಿ ಯಾರಾದರೂ ಕೈ ಹಿಡಿದು ‘ಮುಂದೆ ಇಲ್ಲಿ ಹೋಗು, ಇದನ್ನು ಮಾಡು’ ಎನ್ನಬೇಕು.

ತುರ್ತು ವೈದ್ಯ:

ಸಿಸ್ಟರ್, ನೀವು ಟೇಪ್ ಹಿಡಿದಿರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ನಾನು ಹನ್ನೊಂದು ವರ್ಷದಿಂದ ಎಮರ್ಜೆನ್ಸಿಯಲ್ಲಿದ್ದೇನೆ. ಹೊಟ್ಟೆಯ ಸುತ್ತಳತೆ ತೆಗೆಯುವವರನ್ನು ನೋಡಿದ್ದು ಬಹಳ ಕಡಿಮೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮೆಟಬಾಲಿಕ್ ಸಿಂಡ್ರೋಮ್ ಅಂದರೆ ಒಂದೇ ಕಾಯಿಲೆ ಅಲ್ಲ, ಐದು ಗುರುತುಗಳ ಗುಂಪು. ಹೊಟ್ಟೆಯ ಸುತ್ತಳತೆ, ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಅಥವಾ ಜಾಸ್ತಿ. ಬಿಪಿ 130/85 ಮುಟ್ಟಿದ್ದರೆ ಅದೊಂದು. ಖಾಲಿ ಹೊಟ್ಟೆಯ ಶುಗರ್ 100ಕ್ಕೆ ಬಂದಿದ್ದರೆ ಅದೊಂದು. ಟ್ರೈಗ್ಲಿಸರೈಡ್ ಎಂಬ ಕೊಬ್ಬು 150 ಅಥವಾ ಜಾಸ್ತಿ. ಒಳ್ಳೆಯ ಕೊಬ್ಬು ಎನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ. ಈ ಐದರಲ್ಲಿ ಯಾವುದಾದರೂ ಮೂರು ಇದ್ದರೆ ಮುಂದೆ ಡಯಾಬಿಟಿಸ್, ಹೃದಯಾಘಾತ, ಪಾರ್ಶ್ವವಾಯು ಬರುವ ಸಾಧ್ಯತೆ ಜಾಸ್ತಿ.

ಆದರೆ ಒಂದು ಎಚ್ಚರ. ನೋವು, ಭಯ, ಜ್ವರ ಇದ್ದಾಗ ಬಿಪಿ ಏರುತ್ತದೆ, ಶುಗರ್ ಏರುತ್ತದೆ. ಬೆಡ್ ಪಕ್ಕ ನಿಂತು ‘ನಿಮಗೆ ಶುಗರ್ ಬಂದಿದೆ’ ಎಂದು ಹೇಳಬಾರದು. ‘ಇವತ್ತಿನ ನಂಬರ್ ಹೀಗಿದೆ, ಆರಾಮಾಗಿ ಇರುವಾಗ ಇನ್ನೊಮ್ಮೆ ನೋಡಲೇಬೇಕು’ ಅಂತ ಹೇಳಿ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ, ಅದೇ ಎಚ್‌ಬಿಎ1ಸಿ, ಮಾಡಿಸಿದರೆ ಒಂದು ರಾತ್ರಿಯ ಏರುಪೇರು ಅದರಲ್ಲಿ ಕಾಣುವುದಿಲ್ಲ. 5.7ರಿಂದ 6.4 ಬಂದರೆ ಡಯಾಬಿಟಿಸ್‌ನ ಹೊಸ್ತಿಲು, 6.5 ಅಥವಾ ಜಾಸ್ತಿ ಬಂದರೆ ಡಯಾಬಿಟಿಸ್. ಹೊಟ್ಟೆಯ ಅಳತೆ ಮಾತ್ರ ಭಯಕ್ಕೆ ಏರುವುದಿಲ್ಲ, ಅಲ್ವಾ? ಅದಕ್ಕೇ ಕ್ಯಾಷುವಾಲ್ಟಿಯಲ್ಲಿ ಅದು ನಂಬಿಕೆಯ ಗುರುತು.

ಇನ್ನೊಂದು ಮಾತು. ಟ್ರೋಪೋನಿನ್ ನೆಗೆಟಿವ್ ಅಂದರೆ ಆ ರಾತ್ರಿ ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಿಲ್ಲ ಅಂತ ಅಷ್ಟೇ. ರಕ್ತನಾಳ ಶುದ್ಧವಾಗಿದೆ ಅಂತ ಅಲ್ಲ. ‘ಏನೂ ಆಗಿಲ್ಲ’ ಎಂಬ ಮಾತನ್ನು ನಾನು ಬಿಟ್ಟುಬಿಟ್ಟಿದ್ದೇನೆ. ‘ಇವತ್ತು ಹಾರ್ಟ್ ಅಟ್ಯಾಕ್ ಆಗಿಲ್ಲ. ಆಗದ ಹಾಗೆ ನೋಡಿಕೊಳ್ಳುವ ಕೆಲಸ ಇದೆ’ ಎನ್ನುತ್ತೇನೆ.

ಡ್ಯೂಟಿ ಡಾಕ್ಟರ್:

ಕ್ಷಮಿಸಿ, ನನ್ನ ಅಭಿಪ್ರಾಯ ಬೇರೆ. ನಮ್ಮಲ್ಲಿ ರಾತ್ರಿ ಒಬ್ಬ ಡಾಕ್ಟರ್, ಇಬ್ಬರು ಸಿಸ್ಟರ್. ಒಂದು ಕಡೆ ಹಾವು ಕಡಿತ, ಇನ್ನೊಂದು ಕಡೆ ಬೈಕ್ ಅಪಘಾತ. ಈ ನಡುವೆ ಹೊಟ್ಟೆಯ ಅಳತೆ ತೆಗೆದು ಊಟದ ಪಾಠ ಹೇಳುವುದು ಆಗದ ಕೆಲಸ. ಅದಕ್ಕೆ ಓಪಿಡಿ ಇದೆ, ಬಿಪಿ, ಶುಗರ್‌ನಂಥ ಕಾಯಿಲೆ ನೋಡುವ ಎನ್‌ಸಿಡಿ ಕ್ಲಿನಿಕ್ ಇದೆ. ಕ್ಯಾಷುವಾಲ್ಟಿ ಜೀವ ಉಳಿಸಲಿ, ಸಾಕು. ಎಲ್ಲವನ್ನೂ ನಮ್ಮ ತಲೆಗೆ ಕಟ್ಟಿದರೆ ಮುಖ್ಯ ಕೆಲಸ ಕೆಡುತ್ತದೆ.

ರಾತ್ರಿಪಾಳಿ ಸಿಸ್ಟರ್:

ಸರ್, ನೀವು ಹೇಳುವುದು ನನಗೂ ಅನುಭವ. ಹಾವು ಕಡಿತ ಬಂದ ರಾತ್ರಿ ನಾನೂ ಟೇಪ್ ಮುಟ್ಟುವುದಿಲ್ಲ. ಆದರೆ ಓಪಿಡಿಗೆ ಬರದೇ ಇರುವವರೇ ಇವರು. ಆ ಹೋಟೆಲ್‌ನವರು ಹತ್ತು ವರ್ಷದಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಬೆಳಗ್ಗೆ ನಾಲ್ಕಕ್ಕೆ ಒಲೆ ಹಚ್ಚುವವರು ಹತ್ತು ಗಂಟೆಯ ಓಪಿಡಿ ಕ್ಯೂಗೆ ಬರುತ್ತಾರಾ?

ತಿಪಟೂರಿನ ಮಗಳು:

ನಾನು ವೈದ್ಯಕೀಯದವಳಲ್ಲ. ನನ್ನ ಅಪ್ಪನ ಕಥೆ ಹೇಳುತ್ತೇನೆ.

ಅಪ್ಪನಿಗೆ ತಲೆಸುತ್ತು ಬಂದು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬಿಪಿ 180 ಇತ್ತು. ಅಲ್ಲಿನ ಡಾಕ್ಟರ್ ಎಲ್ಲರ ಎದುರು, ‘ಏನ್ರೀ ಇಷ್ಟು ದಪ್ಪ ಇದ್ದೀರ, ಬಾಯಿ ಕಟ್ಟಬಾರದಾ? ಹೀಗೇ ತಿಂದರೆ ಸಾಯ್ತೀರ’ ಎಂದರು. ಪಕ್ಕದ ಬೆಡ್‌ನವರು ತಿರುಗಿ ನೋಡಿದರು. ಅಪ್ಪ ಊರಿನ ಯಜಮಾನಿಕೆ ಮಾಡಿದ ಮನುಷ್ಯ. ಮನೆಗೆ ಬಂದು ಒಂದು ಮಾತಾಡಲಿಲ್ಲ. ಆಮೇಲೆ ನಾಲ್ಕು ವರ್ಷ ಯಾವ ಆಸ್ಪತ್ರೆಗೂ ಬರಲಿಲ್ಲ. ಬಿಪಿ ಮಾತ್ರೆಯನ್ನೂ ಬಿಟ್ಟರು. ಅಮ್ಮ ಅತ್ತು ಕರೆದು ಮಾಡಿದರೂ ಇಲ್ಲ.

ನಾಲ್ಕು ವರ್ಷದ ಮೇಲೆ ಕಾಲಿಗೆ ಗಾಯ ಆಗಿ, ಮಾಯದೆ, ಜ್ವರ ಬಂದು ರಾತ್ರಿ ಬೇರೆ ಆಸ್ಪತ್ರೆಗೆ ಹೋದೆವು. ಶುಗರ್ 340. ಅಲ್ಲಿ ಒಬ್ಬ ಸಣ್ಣ ವಯಸ್ಸಿನ ಡಾಕ್ಟರ್ ಸ್ಟೂಲ್ ಎಳೆದುಕೊಂಡು ಅಪ್ಪನ ಪಕ್ಕ ಕುಳಿತರು. ಕುಳಿತರು, ಅದೇ ದೊಡ್ಡದು. ‘ಯಜಮಾನ್ರೇ, ದಿನ ಹೇಗೆ ಕಳೀತೀರ? ಬೆಳಗ್ಗೆ ಎದ್ದ ಮೇಲೆ ಏನು ಮಾಡ್ತೀರ?’ ಅಂತ ಕೇಳಿದರು. ಅಪ್ಪ ತೋಟ, ತೆಂಗು, ಎಲ್ಲ ಹೇಳಿದರು. ತೋಟಕ್ಕೆ ಮೊದಲು ನಡೆದು ಹೋಗುತ್ತಿದ್ದರು, ಈಗ ಸ್ಕೂಟರ್. ‘ಮೊದಲು ನಡೆದು ಹೋಗುವಾಗ ಹೇಗಿತ್ತು?’ ಅಂದರು ಡಾಕ್ಟರ್. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಚೆನ್ನಾಗಿತ್ತು’ ಎಂದರು. ‘ಗಾಯ ಮಾಯ್ದ ಮೇಲೆ ಮತ್ತೆ ನಡೆಯೋಕೆ ಆಗುತ್ತಾ?’ ಅಷ್ಟೇ ಕೇಳಿದ್ದು. ಹೂಂ ಅಂದರು ಅಪ್ಪ. ಅದನ್ನು ಡಾಕ್ಟರ್ ಚೀಟಿಯಲ್ಲಿ ಬರೆದರು: ತೋಟಕ್ಕೆ ನಡೆದು ಹೋಗುವುದು, ಹದಿನೈದು ದಿನದ ಮೇಲೆ ಬಂದು ತೋರಿಸುವುದು. ಅಪ್ಪ ಆ ಚೀಟಿಯನ್ನು ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದರು. ಹದಿನೈದನೇ ದಿನ ತಾವೇ ಅಂಗಿ ಹಾಕಿಕೊಂಡು ರೆಡಿಯಾಗಿದ್ದರು.

ಅದೇ ಮನುಷ್ಯ, ಅದೇ ದೇಹ. ಮೊದಲನೆಯವರು ಬೈದರು, ಎರಡನೆಯವರು ಕೇಳಿದರು. ಸಿಸ್ಟರ್, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ. ಹೇಳುವ ಮುಂಚೆ ಕೇಳಿ.

ತುರ್ತು ವೈದ್ಯ:

ತಿಪಟೂರಿನ ಅಕ್ಕ ಹೇಳಿದ್ದನ್ನು ನಮ್ಮ ಕಾಲೇಜುಗಳಲ್ಲಿ ಒಂದು ಗಂಟೆ ಪಾಠವಾಗಿ ಓದಿಸಬೇಕು. ಆ ಚಿಕ್ಕ ಡಾಕ್ಟರ್ ಕೇಳಿದ್ದು ಎರಡು ನಿಮಿಷ ಇರಬಹುದು. ಡ್ಯೂಟಿ ಡಾಕ್ಟರ್ ಅವರ ಸಮಯದ ಚಿಂತೆಗೆ ಇದೇ ಉತ್ತರ ಅನ್ನಿಸುತ್ತದೆ. ಪಾಠ ಬೇಡ, ಎರಡು ಪ್ರಶ್ನೆ ಸಾಕು.

ಇದರಿಂದ ಏನಾಗುತ್ತದೆ ಎನ್ನುವವರಿಗೆ ಒಂದು ವಿಷಯ. ಚೆನ್ನೈನ ವೈದ್ಯರು 531 ಜನರನ್ನು ಮೂರು ವರ್ಷ ನೋಡಿಕೊಂಡು 2006ರಲ್ಲಿ ಫಲಿತಾಂಶ ಕೊಟ್ಟರು. ಎಲ್ಲರೂ ಡಯಾಬಿಟಿಸ್‌ನ ಹೊಸ್ತಿಲಲ್ಲಿದ್ದವರು. ಮಾಮೂಲಿ ಸಲಹೆ ಮಾತ್ರ ಸಿಕ್ಕವರಲ್ಲಿ ನೂರಕ್ಕೆ 55 ಜನರಿಗೆ ಡಯಾಬಿಟಿಸ್ ಬಂತು. ಊಟ, ನಡಿಗೆ ಬದಲಿಸಿಕೊಂಡವರಲ್ಲಿ ಸುಮಾರು 39 ಜನರಿಗೆ. ನನಗೆ ಇದರಲ್ಲಿ ಇಷ್ಟವಾದದ್ದು, ಬದಲಿಸಿಕೊಂಡವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಆದರೂ ಲಾಭ ಆಯಿತು. ತೂಕದ ಮುಳ್ಳು ಅಲ್ಲಾಡಲಿಲ್ಲ ಅಂತ ಕೈಬಿಡುವವರಿಗೆ ಇದನ್ನು ತಪ್ಪದೆ ಹೇಳುತ್ತೇನೆ.

ಹಾಗೇ, ನೋಡಲು ತೆಳ್ಳಗಿರುವವರನ್ನು ಬಿಟ್ಟುಬಿಡಬೇಡಿ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮ ಮೈಯನ್ನೇ ಅಳೆಸಿಕೊಂಡು 2004ರಲ್ಲಿ ಒಂದು ಫೋಟೊ ಪ್ರಕಟಿಸಿದರು. ಎತ್ತರಕ್ಕೆ ತೂಕ ಎಷ್ಟು ಎನ್ನುವ ಲೆಕ್ಕ, ಅದೇ ಬಿಎಂಐ, ಇಬ್ಬರದ್ದೂ 22.3. ಆದರೆ ಮೈಯ ಕೊಬ್ಬು ಯುಡ್ಕಿನ್ ಅವರದ್ದು ನೂರಕ್ಕೆ 9.1, ಯಾಜ್ಞಿಕ್ ಅವರದ್ದು 21.2. ಕೈಕಾಲು ಸಣ್ಣ, ಹೊಟ್ಟೆ ಮುಂದೆ. ನಮ್ಮವರ ಮೈಕಟ್ಟು ಎಷ್ಟೋ ಸಲ ಹೀಗೇ.

ಬಸ್ ಚಾಲಕ, ಚಿತ್ರದುರ್ಗ:

ನಾನು ಬಸ್ ಓಡಿಸುವವನು. ಎರಡು ವರ್ಷದ ಹಿಂದೆ ಡ್ಯೂಟಿ ಮಧ್ಯೆ ಎದೆ ಹಿಡಿದುಕೊಂಡು ಕ್ಯಾಷುವಾಲ್ಟಿಗೆ ಹೋದವನು. ಅಲ್ಲಿ ಕೊಟ್ಟ ಹಾಳೆಯಲ್ಲಿ ‘ದಿನವೂ 45 ನಿಮಿಷ ವೇಗದ ನಡಿಗೆ, ಓಟ್ಸ್, ಸಲಾಡ್, 8 ಗಂಟೆ ನಿದ್ದೆ’ ಅಂತ ಇತ್ತು. ನನ್ನ ಡ್ಯೂಟಿ ಬೆಳಗ್ಗೆ ನಾಲ್ಕೂವರೆಗೆ ಶುರು. ನೈಟ್ ಔಟ್ ಇದ್ದರೆ ನಿದ್ದೆ ಬಸ್ಸಿನಲ್ಲೇ. ಓಟ್ಸ್ ಎಲ್ಲಿಂದ ತರಲಿ? ಆ ಹಾಳೆ ಮಡಚಿ ಸೀಟಿನ ಕೆಳಗೆ ಇಟ್ಟೆ.

ನನಗೆ ದಾರಿ ತೋರಿಸಿದ್ದು ಡಿಪೋದಲ್ಲಿ ಆರೋಗ್ಯ ತಪಾಸಣೆಗೆ ಬಂದಿದ್ದ ಒಬ್ಬ ಸಿಸ್ಟರ್. ‘ಅಣ್ಣ, ದಿನಕ್ಕೆ ಟೀ ಎಷ್ಟು?’ ಅಂದರು. ಎಂಟು. ‘ಸಕ್ಕರೆ?’ ಎರಡೆರಡು ಚಮಚ. ‘ಹದಿನಾರು ಚಮಚ ಆಯ್ತಲ್ಲ ಅಣ್ಣ’ ಅಂದರು. ನಾನು ಅದುವರೆಗೆ ಲೆಕ್ಕ ಹಾಕಿರಲೇ ಇಲ್ಲ. ಊಟ ಬಿಡಿ ಅನ್ನಲಿಲ್ಲ, ಟೀ ಬಿಡಿ ಅನ್ನಲಿಲ್ಲ. ಸಕ್ಕರೆ ಅರ್ಧ ಮಾಡಿ ಅಂದರು. ಒಂದು ತಿಂಗಳಿಗೆ ನಾಲಿಗೆ ಹೊಂದಿಕೊಂಡಿತು. ಈಗ ಮೂರು ಟೀ, ಸಕ್ಕರೆ ಇಲ್ಲ. ಬಸ್ ನಿಂತ ಕಡೆ ಸೀಟಿನಲ್ಲಿ ಕೂರುವುದಿಲ್ಲ, ಕೆಳಗಿಳಿದು ಸ್ಟ್ಯಾಂಡ್ ಸುತ್ತುತ್ತೇನೆ. ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಬುತ್ತಿ ಮನೆಯಿಂದ. ಪ್ಯಾಂಟಿನ ಸೊಂಟ ಎರಡು ಇಂಚು ಇಳಿದಿದೆ. ಗುಟ್ಕಾ ಬಿಡಲು ಮಾತ್ರ ಬಹಳ ಕಷ್ಟಪಟ್ಟೆ, ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಸಿಸ್ಟರ್, ಆ ಹೋಟೆಲ್‌ನವರಿಗೂ ಹಾಗೆ ಒಂದನ್ನೇ ಹೇಳಿ. ಅವರ ಅಂಗಡಿಯಲ್ಲಿ ಏನು ಉಳಿಯುತ್ತದೋ ಅದನ್ನು ರಾತ್ರಿ ತಿನ್ನುತ್ತಾರೆ. ಅದನ್ನು ಕೇಳಿ ನೋಡಿ.

ಆಹಾರ ತಜ್ಞೆ:

ಚಾಲಕ ಅಣ್ಣನ ಹದಿನಾರು ಚಮಚದ ಲೆಕ್ಕ ಓದಿ ಖುಷಿಯಾಯಿತು. ನಾನು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಊಟದ ವಿಷಯದಲ್ಲಿ ಜನರಿಗೆ ಇರುವ ಒಂದೆರಡು ತಪ್ಪು ತಿಳಿವಳಿಕೆ ಹೇಳಿಬಿಡುತ್ತೇನೆ.

ಬೆಲ್ಲದ ಕಾಫಿ ಕುಡಿದರೆ ಶುಗರ್ ಏರುವುದಿಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಬೆಲ್ಲವೂ ಸಕ್ಕರೆಯೇ, ಏರುತ್ತದೆ. ಇನ್ನೊಂದು, ರಾಗಿ ಮುದ್ದೆ ಎಷ್ಟು ತಿಂದರೂ ಪರವಾಗಿಲ್ಲ ಅನ್ನುವುದು. ರಾಗಿ ಒಳ್ಳೆಯದೇ, ನಾರು, ಕ್ಯಾಲ್ಸಿಯಂ ಎಲ್ಲ ಇದೆ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆ, ಮೇಲೆ ಅನ್ನ ಅಂದರೆ ಅದು ಹಿಟ್ಟಿನ ರಾಶಿಯೇ. ನಾನು ಹೇಳುವುದು ಹೀಗೆ: ಒಂದು ಸಣ್ಣ ಮುದ್ದೆ, ಅದರ ಎರಡರಷ್ಟು ಸೊಪ್ಪು, ಕಾಳು. ಬಸ್ಸಾರು ಮಾಡುವ ಮನೆಯಲ್ಲಿ ಇದು ಹೊಸದೇನಲ್ಲ. ಬಸಿದ ಸೊಪ್ಪು, ಕಾಳಿನ ಪಲ್ಯ ತಟ್ಟೆಯಲ್ಲಿ ಜಾಸ್ತಿ, ಅನ್ನ ಕಡಿಮೆ. ಹುರುಳಿ, ಹೆಸರುಕಾಳು, ಅಲಸಂದೆ ಯಾವ ಸಂತೆಯಲ್ಲೂ ಸಿಗುತ್ತದೆ. ಉತ್ತರದ ಕಡೆಯವರಿಗೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಇದ್ದೇ ಇದೆ. ಓಟ್ಸ್ ಬೇಕಿಲ್ಲ.

ಉಪ್ಪು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಸಣ್ಣ ಚಮಚ, ಎಲ್ಲ ಅಡುಗೆ ಸೇರಿ. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರ ಇವೆಲ್ಲ ಸೇರಿದರೆ ಆ ಲೆಕ್ಕ ಎಲ್ಲಿಗೋ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಅಡುಗೆ ಮಾಡುವವರನ್ನು ಕರೆದು ಕೂರಿಸಿ. ಗಂಡಸಿಗೆ ಸಲಹೆ ಕೊಟ್ಟು ಕಳಿಸಿದರೆ ಆ ಮಾತು ಅಡುಗೆಮನೆಯವರೆಗೆ ಹೋಗುವುದೇ ಇಲ್ಲ. ಹಾಗಂತ ಹೆಂಡತಿಯ ಮೇಲೆ ಹೊರೆ ಹಾಕಬಾರದು. ಆ ರಾತ್ರಿ ಅಳುತ್ತಿದ್ದ ಹೆಂಡತಿಯ ಬಿಪಿ ಯಾರಾದರೂ ನೋಡಿದರಾ? ಒಂದೇ ಒಲೆಯ ಊಟ ತಾನೇ ಇಬ್ಬರೂ ತಿನ್ನುವುದು.

ಒಂದು ಎಚ್ಚರಿಕೆ. ಈಗಾಗಲೇ ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ‘ಊಟ ಬಿಡಿ’ ಅಂತ ಯಾರೂ ಹೇಳಬೇಡಿ. ಶುಗರ್ ಕುಸಿದು ಬಿದ್ದು ಬರುವವರನ್ನು ನಾವು ನೋಡುತ್ತಲೇ ಇದ್ದೇವೆ.

ಮಲೆನಾಡಿನವಳು:

ನನಗೂ ಒಂದು ಮಾತು ಹೇಳಬೇಕು. ನಾನು ಅಂಗಳದಲ್ಲಿ ಜಾರಿ ಬಿದ್ದು ಕೈ ಮೂಳೆ ಮುರಿದು ಹೋಗಿದ್ದೆ. ನೋವಿನಲ್ಲಿ ಉಸಿರಾಡಲು ಆಗುತ್ತಿರಲಿಲ್ಲ. ಆಗ ಅಲ್ಲಿದ್ದವರು ನನ್ನ ತೂಕದ ಮಾತು ಎತ್ತಿದರು. ಬಿದ್ದಿದ್ದಕ್ಕೆ ಪಾಚಿ ಕಾರಣ, ತೂಕ ಅಲ್ಲ. ತುಂಬಾ ನೋವಾಯಿತು. ಅದೇ ಮಾತನ್ನು ಬ್ಯಾಂಡೇಜ್ ಕಟ್ಟಿ, ಇಂಜೆಕ್ಷನ್ ಕೊಟ್ಟು, ನೋವು ಇಳಿದ ಮೇಲೆ, ‘ನಿಮ್ಮ ಬಿಪಿ ಬಗ್ಗೆ ಒಂದು ಮಾತು ಹೇಳಲಾ?’ ಅಂತ ಕೇಳಿ ಶುರು ಮಾಡಿದ್ದರೆ ನಾನು ಖಂಡಿತ ಕೇಳುತ್ತಿದ್ದೆ. ಪರದೆ ಎಳೆದು ಮಾತಾಡಿ. ಬೇಡ ಎಂದರೆ ಬಿಟ್ಟುಬಿಡಿ.

ಡ್ಯೂಟಿ ಡಾಕ್ಟರ್:

ಎಲ್ಲರ ಮಾತು ಓದಿದೆ. ಎರಡು ಪ್ರಶ್ನೆ ಅಂದರೆ ನಾನು ಒಪ್ಪುತ್ತೇನೆ, ಅದಕ್ಕೆ ಸಮಯ ಇದೆ. ಆದರೆ ನನ್ನ ನಿಜವಾದ ಚಿಂತೆ ಆಮೇಲಿನದು. ನಾವು ಹೇಳಿ ಕಳಿಸುತ್ತೇವೆ, ಹಿಂದೆ ಹೋಗಿ ನೋಡುವವರು ಯಾರು? ಹೃದಯಾಘಾತ ಆದವರಿಗೆ ಈಗ ಒಂದು ವ್ಯವಸ್ಥೆ ಇದೆ. 2023ರಿಂದ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡುತ್ತಾರೆ, ರಕ್ತ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ. ಅಟ್ಯಾಕ್ ಆಗದೆ ಮನೆಗೆ ಹೋದವನಿಗೆ ಅಂಥ ದಾರ ಇಲ್ಲ.

ಆಶಾ ಕಾರ್ಯಕರ್ತೆ:

ಡಾಕ್ಟ್ರೇ, ಆ ದಾರ ನಾವೇ. ನಮಗೆ ಗೊತ್ತಾಗಬೇಕಲ್ಲ! ನಮ್ಮ ಊರಿನವರು ರಾತ್ರಿ ಎದೆನೋವು ಅಂತ ಹೋಗಿ ಬಂದಿದ್ದು ಎಷ್ಟೋ ಸಲ ನಮಗೆ ತಿಳಿಯುವುದು ವಾರ ಬಿಟ್ಟು. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ 30 ವರ್ಷ ದಾಟಿದವರ ಬಿಪಿ, ಶುಗರ್ ಅನ್ನು ಮನೆ ಬಾಗಿಲಲ್ಲೇ ನೋಡುತ್ತೇವೆ. ಆದರೆ ನಾವು ಹೋದಾಗ ಗಂಡಸರು ಮನೆಯಲ್ಲಿ ಇರುವುದೇ ಇಲ್ಲ. ಕ್ಯಾಷುವಾಲ್ಟಿಯ ಚೀಟಿಯಲ್ಲಿ ‘ನಿಮ್ಮ ಊರಿನ ಆಶಾ ಹತ್ತಿರ ಒಂದು ವಾರದಲ್ಲಿ ಬಿಪಿ ತೋರಿಸಿ’ ಅಂತ ಒಂದು ಸಾಲು ಇದ್ದರೆ ಸಾಕು. ಆಸ್ಪತ್ರೆಯವರು ಬರೆದದ್ದು ಅಂದರೆ ಅವರೇ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ತುರ್ತು ವೈದ್ಯ:

ಫೋನ್ ಕೂಡ ಉಪಯೋಗಕ್ಕೆ ಬರುತ್ತದೆ. ದಕ್ಷಿಣ ಭಾರತದಲ್ಲಿ 537 ಗಂಡಸರ ಮೇಲೆ ನಡೆದು 2013ರಲ್ಲಿ ಬಂದ ಅಧ್ಯಯನದಲ್ಲಿ ಒಂದು ಗುಂಪಿಗೆ ಊಟ, ನಡಿಗೆ ಬಗ್ಗೆ ಎಸ್‌ಎಂಎಸ್ ಕಳಿಸುತ್ತಿದ್ದರು. ಎರಡು ವರ್ಷದಲ್ಲಿ ಆ ಗುಂಪಿನ ನೂರಕ್ಕೆ 18 ಜನರಿಗೆ ಡಯಾಬಿಟಿಸ್ ಬಂತು, ಇನ್ನೊಂದು ಗುಂಪಿನಲ್ಲಿ 27. ಬರೀ ಮೆಸೇಜ್! ಕಳಿಸುವ ಮುಂಚೆ ಅವರ ಒಪ್ಪಿಗೆ ಕೇಳಿ, ಅಷ್ಟೇ.

ರಾತ್ರಿಪಾಳಿ ಸಿಸ್ಟರ್:

ಇಪ್ಪತ್ತು ದಿನ ಆದಮೇಲೆ ಬರೆಯುತ್ತಿದ್ದೇನೆ. ತಡವಾಯಿತು, ಕ್ಷಮಿಸಿ.

ನಮ್ಮ ಮುಖ್ಯ ವೈದ್ಯರಿಗೆ ನಿಮ್ಮೆಲ್ಲರ ಮಾತು ಓದಿ ಹೇಳಿದೆ. ಇಸಿಜಿ ಮಷೀನಿನ ಕೆಳಗಿನ ಡ್ರಾಯರ್‌ನಲ್ಲಿ ಈಗ ಒಂದು ಟೇಪ್ ಇದೆ. ಒಂದು ರಬ್ಬರ್ ಸ್ಟಾಂಪ್ ಮಾಡಿಸಿದೆವು. ಅದರಲ್ಲಿ ನಾಲ್ಕು ಸಾಲು: ಇವತ್ತಿನ ಬಿಪಿ, ಇವತ್ತಿನ ಶುಗರ್, ಸೊಂಟದ ಅಳತೆ, ‘ನಾನು ಮಾಡುವ ಒಂದು ಬದಲಾವಣೆ’. ಕೊನೆಯ ಸಾಲನ್ನು ನಾವು ತುಂಬುವುದಿಲ್ಲ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇವೆ. ಕೆಳಗೆ ಎನ್‌ಸಿಡಿ ಕ್ಲಿನಿಕ್‌ನ ಕೊಠಡಿ ನಂಬರ್, ಬರಬೇಕಾದ ತಾರೀಕು. ಗಲಾಟೆ ಜಾಸ್ತಿ ಇರುವ ರಾತ್ರಿ ಸ್ಟಾಂಪ್ ಒತ್ತುವುದಷ್ಟೇ ಆಗುತ್ತದೆ, ಮಾತು ಆಗುವುದಿಲ್ಲ. ಅದನ್ನೂ ಮುಚ್ಚಿಡುವುದಿಲ್ಲ.

ಆ ಹೋಟೆಲ್‌ನವರನ್ನು ನಾನೇ ಹೋಗಿ ನೋಡಿದೆ. ಡ್ಯೂಟಿ ಮುಗಿಸಿ ಬೆಳಗ್ಗೆ ಏಳೂವರೆಗೆ ಅವರ ಹೋಟೆಲ್‌ಗೆ ತಿಂಡಿಗೆ ಹೋದೆ. ಗುರುತು ಹಿಡಿದರು. ಚಾಲಕ ಅಣ್ಣ ಹೇಳಿದ ಹಾಗೆ ರಾತ್ರಿ ಏನು ಊಟ ಅಂತ ಕೇಳಿದೆ. ಉಳಿದ ಬೋಂಡ, ಪೂರಿ, ಎಷ್ಟೋ ದಿನ ಹನ್ನೊಂದು ಗಂಟೆಗೆ. ‘ಎಸೆಯೋಕೆ ಮನಸ್ಸು ಬರಲ್ಲ ಸಿಸ್ಟರ್’ ಅಂದರು. ಸುಮ್ಮನೆ ಕೇಳಿಸಿಕೊಂಡೆ. ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಬಂದು, ‘ನಾಳೆಯಿಂದ ಸಂಜೆ ಹಿಟ್ಟು ಕಡಿಮೆ ಕಲಸ್ತೀನಿ, ಉಳಿಯೋದೇ ಬೇಡ’ ಎಂದರು. ಅವರು ಒಪ್ಪಿದ ಮೇಲೆ ಅಲ್ಲೇ ಬಿಪಿ ನೋಡಿದೆ, ಇಬ್ಬರದ್ದೂ. ಅವರದ್ದು 144/92. ಹೆಂಡತಿಯದ್ದು 158/98, ಅವರಿಗೆ ಇದುವರೆಗೆ ಒಮ್ಮೆಯೂ ನೋಡಿಸಿರಲಿಲ್ಲ.

ಸೋಮವಾರ ಇಬ್ಬರೂ ಕ್ಲಿನಿಕ್‌ಗೆ ಬರುತ್ತೇವೆ ಎಂದಿದ್ದಾರೆ. ಹತ್ತು ಗಂಟೆಗೆ ಆಗಲ್ಲ, ಮಧ್ಯಾಹ್ನ ಮೂರಕ್ಕೆ. ಆ ಹೊತ್ತಿಗೆ ನೋಡಲು ಕ್ಲಿನಿಕ್‌ನ ಸಿಸ್ಟರ್ ಒಪ್ಪಿದ್ದಾರೆ. ಚಾಲಕ ಅಣ್ಣ, ಗುಟ್ಕಾ ಬಿಟ್ಟ ವಿಷಯ ದಯವಿಟ್ಟು ಬರೆಯಿರಿ. ಹೋಟೆಲ್‌ನವರ ತಮ್ಮನಿಗೆ ಅದು ಬೇಕಾಗಿದೆ.